ಫೋನಿನಲ್ಲಿ ಲ್ಯಾಬ್ ಕಲಿತವರ ಕೈಗೆ ಸ್ಲೈಡ್ ಕೊಟ್ಟ ದಿನ

ಲ್ಯಾಬಿನವನು, ತೀರ್ಥಹಳ್ಳಿ

ಈ ಮಳೆಗಾಲ ನಮ್ಮ ಲ್ಯಾಬಿಗೆ ಇಬ್ಬರು ಡಿಎಂಎಲ್‌ಟಿ (ಲ್ಯಾಬ್ ತಂತ್ರಜ್ಞರ ಡಿಪ್ಲೊಮಾ) ವಿದ್ಯಾರ್ಥಿನಿಯರು ತರಬೇತಿಗೆಂದು ಬಂದಿದ್ದಾರೆ. ಥಿಯರಿಯ ಬಹುಪಾಲನ್ನು ಫೋನಿನಲ್ಲೇ ಕಲಿತವರು. ಮೊದಲ ದಿನ ಚಹಾ ಕುಡಿಯುತ್ತಾ ಸುಮ್ಮನೆ ಪ್ರಶ್ನೆ ಹಾಕಿದೆ. ಬಣ್ಣಬಣ್ಣದ ಮುಚ್ಚಳದ ಟ್ಯೂಬುಗಳಿಗೆ ರಕ್ತ ತುಂಬುವ ಕ್ರಮ ಯಾವುದು? ಕಲ್ಚರ್ ಬಾಟಲಿ, ತಿಳಿನೀಲಿ, ಕೆಂಪು, ಹಸಿರು, ನೇರಳೆ, ಬೂದು. ಮಗ್ಗಿ ಒಪ್ಪಿಸಿದಂತೆ ಬಂತು. ರಕ್ತಕಣಗಳಿಗೆ ಹಾಕುವ ಲೀಷ್ಮನ್ ಬಣ್ಣದಲ್ಲಿ ಮೆಥನಾಲ್ ಏಕಿರುತ್ತದೆ? ಕಣಗಳು ತೊಳೆದುಹೋಗದಂತೆ ಗಾಜಿಗೆ ಹಿಡಿದು ನಿಲ್ಲಿಸುವುದಕ್ಕೆ. ಬಫರಿನ ಪಿಎಚ್? 6.8. ಇಪ್ಪತ್ತೆರಡು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಸೇರಿದಾಗ ಇದರಲ್ಲಿ ಅರ್ಧವೂ ನನಗೆ ಗೊತ್ತಿರಲಿಲ್ಲ.

ಎರಡನೇ ದಿನ ಒಬ್ಬಳ ಕೈಗೆ ಎರಡು ಸ್ಲೈಡ್ ಕೊಟ್ಟು ಸ್ಮಿಯರ್ ಎಳೆಯಲು, ಎಂದರೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಹರಡಲು ಹೇಳಿದೆ. ‘ಮೂವತ್ತರಿಂದ ನಲವತ್ತೈದು ಡಿಗ್ರಿ’ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಲೇ ಎಳೆದಳು. ಬಂದದ್ದು ಆರಿದ ಕಾವಲಿಯ ಮೇಲಿನ ದೋಸೆ. ಒಂದು ಕಡೆ ಗಡ್ಡೆ, ನಡುವೆ ತೂತು, ತುದಿಯಲ್ಲಿ ಇರಬೇಕಾದ ಗರಿಯಂತಹ ಬಾಲವೇ ಇಲ್ಲ. ಹೆದರಿ ಹನ್ನೊಂದು ಸ್ಲೈಡ್ ಹಾಳು ಮಾಡಿದಳು. ಹನ್ನೆರಡನೆಯದು ಪರವಾಗಿಲ್ಲ ಎನ್ನುವಂತಿತ್ತು, ಬಣ್ಣ ಹಾಕಿದೆವು. ನೋಡಿದರೆ ಕೆಂಪು ಕಣಗಳೊಳಗೆಲ್ಲ ಹೊಳೆಯುವ ಗುಳಿಗಳು. ‘ಸರ್, ಇದು ಯಾವ ಪರಾವಲಂಬಿ?’ ಎಂದು ಕೇಳಿದಳು.

ಪರಾವಲಂಬಿಯಲ್ಲ ತಾಯಿ, ಜುಲೈ ತಿಂಗಳು. ಆಗುಂಬೆಯ ಕಡೆಯಿಂದ ಬರುವ ಮಳೆಗೆ ಇಲ್ಲಿ ಹಾಸಿಗೆಯೇ ಒಣಗುವುದಿಲ್ಲ, ಸ್ಮಿಯರ್ ಒಣಗುತ್ತದೆಯೇ? ನಿಧಾನವಾಗಿ ಒಣಗಿದರೆ, ಅಥವಾ ಬಾಟಲಿಯ ಮುಚ್ಚಳ ಸಡಿಲವಿದ್ದು ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಂಡಿದ್ದರೆ, ಕೆಂಪು ಕಣಗಳು ಹುಳು ತಿಂದಂತೆ ಕಾಣುತ್ತವೆ. ಅವಳು ನೋಡಿದ ವಿಡಿಯೋದಲ್ಲಿ ಇದು ಇರಲಿಲ್ಲ. ಎಲ್ಲೋ ಹವಾನಿಯಂತ್ರಿತ ಕೋಣೆಯಲ್ಲಿ ತೆಗೆದ ವಿಡಿಯೋದಲ್ಲಿ ಮಲೆನಾಡಿನ ಆಷಾಢ ಎಲ್ಲಿಂದ ಬರಬೇಕು?

ಫೋನ್ ಬೇಡ ಎನ್ನುವ ಜಾತಿಯವನು ನಾನಲ್ಲ. ಆದರೆ ಈ ಕೆಲಸದಲ್ಲಿ ಫೋನಿನಿಂದ ಬರುವುದು ಯಾವುದು, ಬಾರದಿರುವುದು ಯಾವುದು ಎಂದು ಕಲಿಸುವವರು, ಕಲಿಯುವವರು, ಬೆಂಚಿನ ಮುಂದೆ ನಿಂತು ದುಡಿಯುವವರು ಹೇಳಿದರೆ ಉಪಕಾರವಾಗುತ್ತದೆ.

ಅಡಿಕೆ ತೋಟ, ಹೊಸನಗರ

ನನ್ನದು ಲ್ಯಾಬಿನ ಕೆಲಸವಲ್ಲ, ಆದರೂ ಬರೆಯುತ್ತೇನೆ. ಮಗಳು ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಒಬ್ಬ ಏಜೆಂಟ್ ಮನೆಗೇ ಬಂದು, ‘ಮನೆಯಲ್ಲೇ ಕುಳಿತು ಒಂದು ವರ್ಷದಲ್ಲಿ ಲ್ಯಾಬ್ ಡಿಪ್ಲೊಮಾ, ಕಾಲೇಜಿಗೆ ಹೋಗುವುದೇ ಬೇಡ, ಪರೀಕ್ಷೆಯೂ ಫೋನಿನಲ್ಲೇ’ ಎಂದು ಬಣ್ಣದ ಕಾಗದ ಕೊಟ್ಟು ಹೋಗಿದ್ದಾನೆ. ಹಾಸ್ಟೆಲ್ ಖರ್ಚು ಉಳಿಯುತ್ತದೆ ಎಂದು ಮನೆಯಲ್ಲಿ ಆಸೆ.

ನನಗೆ ಮಾತ್ರ ಒಂದು ಅನುಮಾನ. ಬೋರ್ಡೋ ದ್ರಾವಣದ ಲೆಕ್ಕವನ್ನು, ಅಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎನ್ನುವುದನ್ನು ಯಾರು ಬೇಕಾದರೂ ಫೋನಿನಲ್ಲಿ ಕಲಿತಾರು. ಮರ ಹತ್ತಿ ಗೊನೆಗೆ ಹೊಡೆಯುವುದನ್ನು ಕಲಿತಾರೆಯೇ? ಕೊಳೆ ರೋಗ ಬಂದ ಮೇಲೆ ಲೆಕ್ಕ ಗೊತ್ತಿದ್ದವನನ್ನು ಯಾರೂ ಕರೆಯುವುದಿಲ್ಲ, ಮರ ಹತ್ತುವವನನ್ನೇ ಕರೆಯುತ್ತಾರೆ.

ಪಾಠ ಮಾಡುವವಳು, ಶಿವಮೊಗ್ಗ

ಹೊಸನಗರದವರಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅವರದು ಹಣದ ವಿಷಯ. ಆ ಕಾಗದವನ್ನು ಒಲೆಗೆ ಹಾಕಿ. ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣದ ಬಗ್ಗೆ ಯುಜಿಸಿ 2020ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ವೈದ್ಯಕೀಯ, ನರ್ಸಿಂಗ್, ಅರೆವೈದ್ಯಕೀಯ ವಿಷಯಗಳ ಪದವಿಯನ್ನು ಆ ರೀತಿಯಲ್ಲಿ ಕೊಡುವಂತಿಲ್ಲ. ಡಿಪ್ಲೊಮಾ ಆದರೆ ಕಾಲೇಜಿಗೆ ರಾಜ್ಯದ ಅರೆವೈದ್ಯಕೀಯ ಮಂಡಳಿಯ ಮಾನ್ಯತೆ ಇದೆಯೇ ಎಂದು ನೋಡಿ, ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ಮಾನ್ಯ ವಿಶ್ವವಿದ್ಯಾಲಯಕ್ಕೆ ಕಾಲೇಜು ಸೇರಿದೆಯೇ ಎಂದು ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ಸಹವೈದ್ಯಕೀಯ ವೃತ್ತಿಗಳಿಗೆಂದೇ ಒಂದು ಕಾಯ್ದೆ ತಂದು ರಾಷ್ಟ್ರೀಯ ಆಯೋಗಕ್ಕೆ ದಾರಿ ಮಾಡಿದೆ. ಲ್ಯಾಬ್ ಕೆಲಸವೂ ಅದರಡಿ ಬರುತ್ತದೆ. ಹೆಸರು ನೋಂದಾಯಿಸುವಾಗ ಏಜೆಂಟನ ಕಾಗದ ಯಾವ ಬಾಗಿಲನ್ನೂ ತೆರೆಯುವುದಿಲ್ಲ.

ಇನ್ನು ತೀರ್ಥಹಳ್ಳಿಯವರ ಪ್ರಶ್ನೆ. ನೀವು ಸ್ಮಿಯರ್ ಕಥೆ ಹೇಳಿದಿರಿ, ಒಪ್ಪಿದೆ. ಆದರೆ ಫೋನ್ ಬರುವ ಮೊದಲು ತರಗತಿ ಹೇಗಿತ್ತು ಎನ್ನುವುದನ್ನು ನೀವು ಮರೆತಿದ್ದೀರಿ. ನಾನು ಓದುವಾಗ ಒಂದು ಮೈಕ್ರೋಸ್ಕೋಪಿನ ಹಿಂದೆ ಹನ್ನೆರಡು ಜನರ ಸಾಲು. ಮೇಷ್ಟ್ರು ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ರಕ್ತಕಣವೊಂದನ್ನು ಹುಡುಕಿ ಸೂಚಕದ ತುದಿಗೆ ತಂದು ನಿಲ್ಲಿಸುತ್ತಿದ್ದರು. ನಾಲ್ಕನೆಯವಳ ಮೊಣಕೈ ತಗುಲಿ ಅದು ಎಲ್ಲಿಗೋ ಹೋಗುತ್ತಿತ್ತು. ಹನ್ನೆರಡನೆಯವಳು, ಎಂದರೆ ನಾನು, ಇಣುಕಿ ನೋಡಿ ಏನೂ ಕಾಣದೆ ‘ಕಂಡಿತು ಸರ್’ ಎಂದು ಹೇಳಿ ಬರುತ್ತಿದ್ದೆ. ಇಡೀ ಬೆಂಚು ಹಾಗೆಯೇ ಹೇಳುತ್ತಿತ್ತು. ಈಗ ಒಂದೇ ಸ್ಲೈಡನ್ನು ಸ್ಕ್ಯಾನ್ ಮಾಡಿ ತೆರೆಯ ಮೇಲಿಟ್ಟರೆ ನಲವತ್ತು ಮಂದಿಯೂ ಅದೇ ಕಣವನ್ನು ನೋಡುತ್ತಾರೆ, ಸುತ್ತು ಹಾಕಿ ಗುರುತಿಸುತ್ತಾರೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳಲು ಜಾಗವಿಲ್ಲ.

ನಿವೃತ್ತ, ಭದ್ರಾವತಿ

ಫೋಟೋದಲ್ಲಿ ಸ್ಕ್ರೂ ಇಲ್ಲ.

ಎರಡನೇ ವರ್ಷ, ಶಿವಮೊಗ್ಗ

ನಿವೃತ್ತ ಸರ್, ಅರ್ಥವಾಗಲಿಲ್ಲ. ನಾನು ವಿದ್ಯಾರ್ಥಿನಿ, ನನ್ನ ಅನುಭವವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆ ನಗರ ಎಂಬ ಊರಿನ ಆಚೆ, ಘಟ್ಟದ ಅಂಚಿನಲ್ಲಿದೆ. ಫೋನಿಗೆ ಸಿಗ್ನಲ್ ಬೇಕೆಂದರೆ ದರೆ ಹತ್ತಿ ಗೋಡಂಬಿ ಮರದ ಕೆಳಗೆ ನಿಲ್ಲಬೇಕು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರೂ ಕಣ್ಣು ಮುಚ್ಚುತ್ತದೆ. ಕೊಡೆ ಹಿಡಿದು, ಕಾಲಿಗೆ ಉಪ್ಪು ಸುಣ್ಣ ಹಚ್ಚಿಕೊಂಡು, ಉಂಬುಳ (ಜಿಗಣೆ) ಹತ್ತಿದೆಯೇ ಎಂದು ನೋಡಿಕೊಳ್ಳುತ್ತಾ ಬಯೋಕೆಮಿಸ್ಟ್ರಿ ಕೇಳಿದ್ದೇನೆ. ನೇರ ಪ್ರಸಾರದ ಪಾಠದಲ್ಲಿ ಮೇಡಂ ಮುಖ ಚೌಕ ಚೌಕವಾಗಿ ನಿಂತುಬಿಡುತ್ತಿತ್ತು. ಅದರಿಂದ ನನಗೆ ಏನೂ ಬರಲಿಲ್ಲ, ಅದನ್ನು ಪಾಠವೆಂದು ಕರೆಯುವುದೇ ತಪ್ಪು.

ಆದರೆ ಮೊದಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟ ಪಾಠಗಳ ಮಾತೇ ಬೇರೆ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಉಪನ್ಯಾಸದಲ್ಲಿ ಒಂದು ಪದ ತಪ್ಪಿದರೆ ಇಡೀ ಗಂಟೆ ತಪ್ಪುತ್ತದೆ. ರೆಕಾರ್ಡಿನಲ್ಲಿ ಹಿಂದಕ್ಕೆ ಸರಿಸಿ ಐದು ಬಾರಿ ಕೇಳಿದ್ದೇನೆ. ತರಗತಿಯಲ್ಲಿ ಒಂದೇ ಪ್ರಶ್ನೆಯನ್ನು ಐದು ಬಾರಿ ಕೇಳಿದವಳಿಗೆ ಯಾವ ಹೆಸರು ಬೀಳುತ್ತದೆ ಎಂದು ನಿಮಗೆ ಗೊತ್ತು. ಫೋನ್ ಯಾವತ್ತೂ ನನ್ನನ್ನು ದಡ್ಡಿ ಎನ್ನಲಿಲ್ಲ.

ಲ್ಯಾಬಿನವರಿಗೆ ಒಂದು ವಿನಂತಿ. ಹನ್ನೊಂದು ಸ್ಲೈಡ್ ಹಾಳು ಮಾಡಿದಳು ಎಂದು ಬರೆದಿರಿ. ಆ ಹನ್ನೊಂದನ್ನು ಹಾಳು ಮಾಡಲು ಅವಳಿಗೆ ಮೊದಲು ಯಾರಾದರೂ ಅವಕಾಶ ಕೊಟ್ಟಿದ್ದರೇ ಎಂದು ಕೇಳಿದಿರಾ?

ಲ್ಯಾಬಿನವನು, ತೀರ್ಥಹಳ್ಳಿ

ಕೇಳಲಿಲ್ಲ. ಇವತ್ತು ಕೇಳಿದೆ. ಇಡೀ ವರ್ಷದಲ್ಲಿ ಮೂರು ಎಳೆದಿದ್ದಳಂತೆ.

ನಿವೃತ್ತ, ಭದ್ರಾವತಿ

ಸ್ಕ್ರೂ ಎಂದರೆ ಫೈನ್ ಫೋಕಸ್, ಮಗಳೇ. ಮೈಕ್ರೋಸ್ಕೋಪಿನ ಮುಂದೆ ಕುಳಿತವರು ಬಲಗೈಯನ್ನು ಒಂದು ಕ್ಷಣವೂ ಸುಮ್ಮನೆ ಇಡುವುದಿಲ್ಲ. ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತಲೇ ಇರುತ್ತೇವೆ. ನೋಡುವುದರಲ್ಲಿ ಅರ್ಧ ಕೆಲಸ ಅದರದು. ಕೆಂಪು ಕಣದ ಮೇಲೆ ಒಂದು ಪ್ಲೇಟ್‌ಲೆಟ್ ಕುಳಿತಿದ್ದರೆ ಮಲೇರಿಯಾದ ಉಂಗುರದಂತೆಯೇ ಕಾಣುತ್ತದೆ. ಸ್ಕ್ರೂ ತಿರುಗಿಸಿದರೆ ಗುಟ್ಟು ರಟ್ಟಾಗುತ್ತದೆ: ಪ್ಲೇಟ್‌ಲೆಟ್ ಕಣದ ಮೇಲಿನ ಮಟ್ಟದಲ್ಲಿರುತ್ತದೆ, ಸುತ್ತ ತೆಳುವಾದ ಬೆಳಕಿನ ಬಳೆ, ಪರಾವಲಂಬಿ ಕಣದ ಜೊತೆಯಲ್ಲೇ ಸ್ಪಷ್ಟವಾಗುತ್ತದೆ, ಜೊತೆಯಲ್ಲೇ ಮಸುಕಾಗುತ್ತದೆ. ಬಣ್ಣದ ಕಸವೂ ಹಾಗೆಯೇ ಬೇರೆ ಮಟ್ಟದಲ್ಲಿ ಸಿಕ್ಕಿಬೀಳುತ್ತದೆ. ಫೋಟೋ ಎಂದರೆ ಯಾರೋ ನಿಮಗಾಗಿ ಸ್ಕ್ರೂ ತಿರುಗಿಸಿ ನಿಲ್ಲಿಸಿ ಕೊಟ್ಟದ್ದು. ಉತ್ತರವನ್ನು ಅರ್ಧ ಹೇಳಿಯೇ ಪ್ರಶ್ನೆ ಕೊಟ್ಟ ಹಾಗೆ.

ಹೀಗೆಂದ ಮಾತ್ರಕ್ಕೆ ನನ್ನನ್ನು ಲ್ಯಾಬಿನವರ ಕಡೆಗೆ ಸೇರಿಸಬೇಡಿ. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಲೇರಿಯಾ ಸ್ಲೈಡ್ ನೋಡಿದವನು. ಮಲೇರಿಯಾ ಸ್ಲೈಡಿನ ಜೆಎಸ್‌ಬಿ ಬಣ್ಣ ಹಾಕಿ, ದಪ್ಪ ಸ್ಮಿಯರಿನಲ್ಲಿ ನೂರು ಫೀಲ್ಡ್ (ಮೈಕ್ರೋಸ್ಕೋಪಿನಲ್ಲಿ ಒಮ್ಮೆಗೆ ಕಾಣುವ ವೃತ್ತ) ನೋಡದೆ ನೆಗೆಟಿವ್ ಎಂದು ಬರೆಯುವಂತಿರಲಿಲ್ಲ. ಪಾಸಿಟಿವ್ ಸಿಕ್ಕಾಗ ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಿದ್ದೆವು, ಕಣ್ಣು ಹಾಗೆ ಪಳಗಿತು. ಈಗ ನಮ್ಮ ಊರಿನಲ್ಲಿ ಪಾಸಿಟಿವ್ ಸ್ಲೈಡ್ ನೋಡುವುದೇ ಅಪರೂಪ. ಸಂತೋಷದ ಸಂಗತಿ. ಆದರೆ ಇವತ್ತಿನ ಹುಡುಗಿ ಫಾಲ್ಸಿಪಾರಮ್ ಎಂಬ ಮಲೇರಿಯಾ ಪರಾವಲಂಬಿಯ ಬಾಳೆಹಣ್ಣಿನಾಕಾರದ ಗ್ಯಾಮೆಟೊಸೈಟ್ ರೂಪವನ್ನು ಎಲ್ಲಿ ನೋಡಬೇಕು? ತೆರೆಯ ಮೇಲೆಯೇ. ಅಪರೂಪದ್ದನ್ನು ಊರೂರಿಗೆ ತಲುಪಿಸುವುದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ನಿತ್ಯದ್ದನ್ನು ಕೈಯಲ್ಲಿ ಕಲಿಯಲಿ, ಅಪರೂಪದ್ದನ್ನು ಕಣ್ಣಿನಲ್ಲಿ ಕಲಿಯಲಿ.

ಪಾಠ ಮಾಡುವವಳು, ಶಿವಮೊಗ್ಗ

ಸ್ಕ್ರೂ ವಿಷಯವನ್ನು ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ.

ನಮ್ಮಲ್ಲಿ ‘ದಿನಕ್ಕೊಂದು ಸ್ಲೈಡ್’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಸುತ್ತಿದ್ದೇವೆ. ಫೋನಿನ ಕ್ಯಾಮೆರಾವನ್ನು ಐಪೀಸಿಗೆ ಹಿಡಿದು ತೆಗೆದ ಚಿತ್ರ, ಕೆಳಗೆ ಎರಡು ಸಾಲು ರೋಗಿಯ ವಿವರ, ಹೆಸರು ಊರು ಏನೂ ಇಲ್ಲದೆ. ರಾತ್ರಿಯೊಳಗೆ ಎಲ್ಲರೂ ಕಂಡದ್ದನ್ನು ಬರೆಯಬೇಕು. ‘ಏನು ಕಾಯಿಲೆ’ ಎಂದು ಬರೆಯುವಂತಿಲ್ಲ, ‘ಏನು ಕಂಡೆ’ ಎಂದು ಮಾತ್ರ. ಇಲ್ಲಿ ಎರಡು ಪೆಟ್ಟು ತಿಂದು ಕಲಿತೆವು. ಚಿತ್ರವಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಕಳಿಸುತ್ತದೆ, ಸಣ್ಣ ವಿವರಗಳೆಲ್ಲ ಕರಗಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು. ಇನ್ನೊಂದು, ಕ್ಯಾಮೆರಾ ತನ್ನ ಇಷ್ಟದಂತೆ ಬಣ್ಣ ತಿದ್ದುತ್ತದೆ. ಒಮ್ಮೆ ಇಯೊಸಿನೊಫಿಲ್ಲಿನ ಕಿತ್ತಳೆ ಕಾಳುಗಳು ಬೂದಾಗಿ, ಅರ್ಧ ತರಗತಿ ಅದನ್ನು ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಿಳಿ ಕಣವೆಂದು ಬರೆಯಿತು. ತಪ್ಪು ಅವರದಲ್ಲ.

ಕೈಗೆ ಮನೆಪಾಠ ಕೊಡುವುದಕ್ಕೂ ಒಂದು ಉಪಾಯ ಮಾಡಿದ್ದೇವೆ. ತಲಾ ಒಂದು ಡಬ್ಬಿ ಸ್ಲೈಡ್. ಮನೆಯಲ್ಲಿ ರಕ್ತ ಮುಟ್ಟುವುದು ಸುತರಾಂ ಬೇಡ. ಬೀಟ್‌ರೂಟ್ ರಸಕ್ಕೆ ಸ್ವಲ್ಪ ಗಂಜಿ ತಿಳಿ ಬೆರೆಸಿ ದಿನಕ್ಕೆ ಹತ್ತು ಎಳೆಯಬೇಕು, ತೊಳೆದು ಮತ್ತೆ ಎಳೆಯಬೇಕು. ರಕ್ತದಂತೆ ಅದು ಹರಿಯುವುದಿಲ್ಲ, ನಿಜ. ಆದರೆ ಹೆದರಿಕೆ ಹೋಗುತ್ತದೆ, ಮಣಿಕಟ್ಟು ಸಡಿಲವಾಗುತ್ತದೆ, ತಡೆದು ತಡೆದು ತಳ್ಳುವ ಅಭ್ಯಾಸ ಬಿಡುತ್ತದೆ.

ಲ್ಯಾಬಿನವನು, ತೀರ್ಥಹಳ್ಳಿ

ಬೀಟ್‌ರೂಟ್! ಸಾಂಬಾರಿಗೆ ಉಳಿದರೆ ಸರಿ.

ಹೊಳೆಯಾಚೆ, ತುಮರಿ

ಇಲ್ಲಿ ಎಲ್ಲರೂ ಹೊಸಬರ ಬಗ್ಗೆಯೇ ಬರೆಯುತ್ತಿದ್ದೀರಿ. ಆಗಲೇ ಕೆಲಸದಲ್ಲಿರುವ ನಮ್ಮಂಥವರ ಕಥೆ ಬೇರೆ. ಶರಾವತಿ ಹಿನ್ನೀರಿನ ಈ ಕಡೆ ಇದ್ದವರಿಗೆ ತರಬೇತಿ ಎಂದರೆ ಸಾಗರಕ್ಕೆ ಅಥವಾ ಶಿವಮೊಗ್ಗಕ್ಕೆ ಒಂದು ದಿನ, ಅದಕ್ಕಾಗಿ ಇಲ್ಲಿ ಲ್ಯಾಬಿಗೆ ಬೀಗ. 2025ರ ಜುಲೈಯಲ್ಲಿ ಸೇತುವೆ ತೆರೆಯುವ ತನಕ ಹಿನ್ನೀರು ದಾಟಿಸುವ ಲಾಂಚಿನ ವೇಳೆಯೇ ನಮ್ಮ ವೇಳೆ.

ಆ ಲಾಂಚಿನ ದಿನಗಳಲ್ಲಿ ನಡೆದದ್ದು. ಹೊರಗೆ ಕಳಿಸಿದ ಸಕ್ಕರೆ ಪರೀಕ್ಷೆಗಳೆಲ್ಲ ನಿರೀಕ್ಷೆಗಿಂತ ಕಡಿಮೆ ಬರುತ್ತಿದ್ದವು. ಮಧುಮೇಹ ಇದ್ದವರಿಗೂ ಸುಮಾರಾಗಿ ಬರುತ್ತಿತ್ತು, ಅವರು ಹಬ್ಬದ ಹೋಳಿಗೆ ಧೈರ್ಯವಾಗಿ ತಿನ್ನುತ್ತಿದ್ದರು. ಒಂದು ರಾತ್ರಿ ಫೋನಿನಲ್ಲಿ ಮಾದರಿ ಸಾಗಣೆಯ ಬಗ್ಗೆ ಅರ್ಧ ಗಂಟೆಯ ಪಾಠ ಕೇಳುತ್ತಿದ್ದೆ. ಟ್ಯೂಬಿನೊಳಗಿನ ರಕ್ತಕಣಗಳಿಗೂ ಹಸಿವಿದೆ, ಸೀರಮ್ (ಕಣಗಳಿಲ್ಲದ ತಿಳಿದ್ರವ) ಬೇರ್ಪಡಿಸದೆ ಇಟ್ಟರೆ ಸಾಮಾನ್ಯ ಉಷ್ಣತೆಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಗ್ಲೂಕೋಸನ್ನು ಅವು ತಿಂದುಹಾಕುತ್ತವೆ ಎಂದರು. ಲಾಂಚಿಗೆ ಕಾದ ಹೊತ್ತು, ಬಸ್ಸಿಗೆ ಕಾದ ಹೊತ್ತು, ಬಸ್ಸಿನ ಹೊತ್ತು ಎಲ್ಲವನ್ನೂ ಕೂಡಿದೆ. ಎದ್ದು ಕುಳಿತೆ. ಮಾರನೆಯ ದಿನದಿಂದಲೇ ಸಕ್ಕರೆಗೆ ಆ ಹಸಿವನ್ನು ತಡೆಯುವ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್, ಉಳಿದದ್ದಕ್ಕೆ ಇಲ್ಲಿಯೇ ಯಂತ್ರದಲ್ಲಿ ತಿರುಗಿಸಿ ಸೀರಮ್ ತೆಗೆದು ಕಳಿಸುವುದು. ಓದುವಾಗ ಇದೆಲ್ಲ ಪುಸ್ತಕದಲ್ಲಿ ಇದ್ದಿರಬೇಕು. ಆಗ ನನಗೆ ಲಾಂಚ್ ಇರಲಿಲ್ಲ, ಹಾಗಾಗಿ ತಲೆಗೆ ಹೋಗಿರಲಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟೇ. ಕೈ ಮೊದಲು, ಫೋನ್ ಆಮೇಲೆ. ಬೆಂಚಿನ ಮುಂದೆ ಆರು ತಿಂಗಳು ನಿಂತು ಪೆಟ್ಟು ತಿಂದವನಿಗೆ ಫೋನಿನ ಪಾಠ ಅಮೃತ. ಬೆಂಚನ್ನೇ ನೋಡದವನಿಗೆ ಅದು ಬರೀ ಮಗ್ಗಿ.

ಪಾಠ ಮಾಡುವವಳು, ಶಿವಮೊಗ್ಗ

ಅರ್ಧ ಒಪ್ಪುತ್ತೇನೆ. ಏನೂ ಗೊತ್ತಿಲ್ಲದವನನ್ನು ಮೊದಲೇ ಬೆಂಚಿಗೆ ಬಿಟ್ಟರೆ ಅವನ ಕೈಯಲ್ಲಿ ಸಿಗುವುದು ಬೀಟ್‌ರೂಟ್ ಅಲ್ಲ, ಯಾರದೋ ತೋಳು. ಕೆಲವು ತಪ್ಪುಗಳನ್ನು ತೆರೆಯ ಮೇಲೆಯೇ ಮಾಡಿ ಮುಗಿಸಬೇಕು. ನಾನು ವಿದ್ಯಾರ್ಥಿಗಳಿಗೆ ಕೊಡುವ ಒಂದು ಒಗಟು: ಪೊಟ್ಯಾಸಿಯಮ್ 11, ಕ್ಯಾಲ್ಸಿಯಮ್ 3, ರೋಗಿ ಹೊರಗೆ ಬೆಂಚಿನ ಮೇಲೆ ಕುಳಿತು ಅವಲಕ್ಕಿ ತಿನ್ನುತ್ತಿದ್ದಾನೆ. ಏನಾಯಿತು?

ನಿವೃತ್ತ, ಭದ್ರಾವತಿ

ನೇರಳೆ ಮುಚ್ಚಳದ ಟ್ಯೂಬಿನ ರಕ್ತವನ್ನು ಕೆಂಪಿಗೆ ಸುರಿದಿದ್ದಾರೆ. ರಕ್ತ ಹೆಪ್ಪುಗಟ್ಟದಂತೆ ನೇರಳೆ ಟ್ಯೂಬಿನಲ್ಲಿರುವ ಇಡಿಟಿಎ ಪೊಟ್ಯಾಸಿಯಮ್ ಲವಣ, ಅದಕ್ಕೇ ಪೊಟ್ಯಾಸಿಯಮ್ ಆಕಾಶಕ್ಕೆ. ಕ್ಯಾಲ್ಸಿಯಮನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೇ ಅದು ಪಾತಾಳಕ್ಕೆ. ಇಷ್ಟು ಬೇಗ ಹೇಗೆ ಹೇಳಿದೆ ಎಂದರೆ, ಒಂದು ಕಾಲದಲ್ಲಿ ಹಾಗೆ ಸುರಿದವನು ನಾನೇ. ಕೆಂಪಿನಲ್ಲಿ ರಕ್ತ ಸಾಲದೆ ಬಂದಿತ್ತು, ಮತ್ತೆ ಚುಚ್ಚಿದರೆ ಆ ಅಜ್ಜ ಬೈಯುತ್ತಾನೆ ಎಂದು ಹೆದರಿಕೆ. ವೈದ್ಯರು ವರದಿ ಹಿಡಿದು ಓಡಿ ಬಂದರು. ಅಜ್ಜ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದ. ಬೈಗುಳ ಎರಡು ಪಟ್ಟು ಬಂತು, ಒಂದು ವೈದ್ಯರಿಂದ, ಇನ್ನೊಂದು ಅಜ್ಜನಿಂದಲೇ.

ಎರಡನೇ ವರ್ಷ, ಶಿವಮೊಗ್ಗ

ಆ ಒಗಟು ನಮಗೂ ಬಂದಿತ್ತು. ನಾನು ಮೂತ್ರಪಿಂಡ ವೈಫಲ್ಯ ಎಂದು ಬರೆದಿದ್ದೆ. ಮೇಡಂ ಕೆಳಗೆ, ‘ಅವಲಕ್ಕಿ ಯಾರು ತಿನ್ನುತ್ತಿದ್ದಾರೆ?’ ಎಂದಷ್ಟೇ ಬರೆದರು.

ಕಾಡಂಚಿನ ಲ್ಯಾಬ್, ಸಾಗರ

ಮಂಗನ ಕಾಯಿಲೆಯ ಹೆಸರೇ ಬಾರದೆ ಶಿವಮೊಗ್ಗ ಜಿಲ್ಲೆಯ ಲ್ಯಾಬಿನ ಮಾತು ಮುಗಿಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ, ಪ್ರಪಂಚದ ಪುಸ್ತಕಗಳಲ್ಲೆಲ್ಲ ನಮ್ಮ ಕಾಡಿನ ಹೆಸರಿದೆ. ಆದರೆ ನಮ್ಮದೇ ಮಕ್ಕಳಿಗೆ ಇದನ್ನು ಕೈಯಲ್ಲಿ ಕಲಿಸುವಂತಿಲ್ಲ. ಈ ವೈರಸ್ ಪ್ರಯೋಗಾಲಯದಲ್ಲಿ ದುಡಿದವರಿಗೂ ತಗುಲಿದ ಇತಿಹಾಸವಿದೆ; ಬೆಳೆಸುವ ಕೆಲಸವೆಲ್ಲ ಅತಿ ಭದ್ರತೆಯ ಲ್ಯಾಬಿನೊಳಗೇ ನಡೆಯಬೇಕು. ತರಬೇತಿಗೆ ಬಂದ ಹುಡುಗಿಯನ್ನು ಅಲ್ಲಿ ನಿಲ್ಲಿಸುವುದಿಲ್ಲ.

ಹಾಗಾದರೆ ಅವಳಿಗೆ ಗೊತ್ತಿರಬೇಕಾದದ್ದು ಏನು? ಜ್ವರ ಬಂದು ಎಷ್ಟು ದಿನವಾಯಿತು ಎಂದು ಕೇಳಿ ಬರೆದುಕೊಳ್ಳುವುದು. ಮೊದಲ ದಿನಗಳಲ್ಲಾದರೆ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್‌ಗೆ ಅರ್ಥವಿದೆ, ದಿನ ಕಳೆದಂತೆ ಅದರ ವಿರುದ್ಧದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾಕ್ಕೆ. ಆ ಒಂದು ಸಾಲು ಖಾಲಿ ಬಿಟ್ಟು ಕಳಿಸಿದ ಮಾದರಿಯ ನೆಗೆಟಿವ್ ಫಲಿತಾಂಶವನ್ನು ಹೇಗೆ ಓದಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಬಿಳಿ ಕಣ, ಪ್ಲೇಟ್‌ಲೆಟ್ ಎರಡೂ ಕುಸಿದಿದ್ದು, ರೋಗಿ ತರಗೆಲೆ ತರಲು ಕಾಡಿಗೆ ಹೋಗುವವನಾಗಿದ್ದರೆ ವೈದ್ಯರಿಗೆ ಫೋನ್ ಮಾಡುವುದು. ಮೂರು ಪದರದ ಪೊಟ್ಟಣ ಕಟ್ಟುವುದು, ಕೈಗವಸು ಬಿಚ್ಚುವುದು. ಇವಿಷ್ಟನ್ನೂ ನಾನು ವಿಡಿಯೋದಲ್ಲಿಯೇ ಕಲಿಸುತ್ತೇನೆ, ಚೆನ್ನಾಗಿ ಕಲಿಯುತ್ತಾರೆ. ಕವಚ ಬಿಚ್ಚುವುದನ್ನಂತೂ ಅವರೇ ಮಾಡಿ, ಫೋನಿನಲ್ಲಿ ಹಿಡಿದು ಕಳಿಸಬೇಕು. ತಮ್ಮದೇ ವಿಡಿಯೋ ನೋಡಿದಾಗ ಕೈ ಎಷ್ಟು ಬಾರಿ ಮುಖದ ಹತ್ತಿರ ಹೋಯಿತು ಎಂದು ಅವರಿಗೇ ಕಾಣುತ್ತದೆ. ನಾನು ಬಾಯಲ್ಲಿ ಎಷ್ಟು ಹೇಳಿದರೂ ನಂಬುತ್ತಿರಲಿಲ್ಲ. 2019ರಲ್ಲಿ ಅರಳಗೋಡು ಭಾಗದಲ್ಲಿ ಕಾಯಿಲೆ ಜೋರಾದಾಗ ಈ ಭಾಗದಲ್ಲಿದ್ದವರಿಗೆ ಇದು ಪಾಠದ ವಿಷಯವಾಗಿ ಉಳಿಯಲಿಲ್ಲ.

ಅಡಿಕೆ ತೋಟ, ಹೊಸನಗರ

ಕಾಗದ ಒಲೆಗೆ ಹೋಯಿತು. ಮಗಳಿಗೆ ಇನ್ನೊಂದು ಭಯವಿದೆ, ಸೂಜಿ. ಅದಕ್ಕೂ ವಿಡಿಯೋ ಇದೆಯೇ?

ಲ್ಯಾಬಿನವನು, ತೀರ್ಥಹಳ್ಳಿ

ಇದೆ, ನೂರಾರಿವೆ. ಸೂಜಿಯ ಕೋನ, ಕಟ್ಟಿದ ಪಟ್ಟಿಯನ್ನು ಒಂದು ನಿಮಿಷದೊಳಗೆ ಬಿಚ್ಚಬೇಕು ಎನ್ನುವುದು, ರೋಗಿಯಿಂದ ಪದೇ ಪದೇ ಮುಷ್ಟಿ ಮುಚ್ಚಿ ತೆರೆಸಿದರೆ ಪೊಟ್ಯಾಸಿಯಮ್ ಸುಳ್ಳಾಗಿ ಏರುತ್ತದೆ ಎನ್ನುವುದು, ಬಳಸಿದ ಸೂಜಿ ಬಿಳಿ ಡಬ್ಬಿಗೇ ಹೋಗಬೇಕು ಎನ್ನುವುದು, ಎಲ್ಲ ಅಲ್ಲಿ ಸಿಗುತ್ತದೆ. ಸಿಗದೇ ಇರುವುದು ರಕ್ತನಾಳ. ನಮ್ಮ ಜನ ‘ನರ ಕಾಣಿಸುವುದಿಲ್ಲ’ ಎನ್ನುತ್ತಾರೆ. ಅದು ಕಾಣಿಸುವ ವಸ್ತುವಲ್ಲ, ಬೆರಳಿಗೆ ಸಿಗುವ ವಸ್ತು. ತೋಟದ ಕೆಲಸ ಮಾಡುವವನ ತೋಳಿನಲ್ಲಿ ಹಗ್ಗದಂತಿರುತ್ತದೆ, ಆದರೆ ಚುಚ್ಚಿದ ಕೂಡಲೇ ಪಕ್ಕಕ್ಕೆ ಜಾರುತ್ತದೆ. ಬಾಣಂತಿಯ ತೋಳಿನಲ್ಲಿ ಹತ್ತಿಯೊಳಗೆ ಹುದುಗಿದ ನೂಲು. ಕೃತಕ ತೋಳಿನಲ್ಲಿ ಅಭ್ಯಾಸ ಮಾಡಬಹುದು, ಆದರೆ ಕೃತಕ ತೋಳು ‘ಅಯ್ಯೋ’ ಎನ್ನುವುದಿಲ್ಲ. ಹೊಸಬರ ಕೈ ನಡುಗುವುದು ಆ ಒಂದು ಶಬ್ದಕ್ಕೆ.

ನಿಮ್ಮ ಮಗಳಿಗೆ ಹೇಳಿ, ಸೂಜಿಗೆ ಹೆದರುವವರೇ ಮುಂದೆ ಮೆಲ್ಲಗೆ ಚುಚ್ಚುತ್ತಾರೆ. ಹೆದರದೇ ಬಂದವರನ್ನು ನೋಡಿದರೆ ನನಗೇ ಭಯ.

(ಮೂರು ವಾರಗಳ ನಂತರ)

ಲ್ಯಾಬಿನವನು, ತೀರ್ಥಹಳ್ಳಿ

ಈ ಚರ್ಚೆಯನ್ನು ಶುರುಮಾಡಿದವನು ನಾನು, ಹಾಗಾಗಿ ಮುಂದೆ ನಡೆದದ್ದನ್ನೂ ಬರೆಯಬೇಕು. ಇಬ್ಬರಲ್ಲಿ ಎರಡನೆಯವಳ ಬಗ್ಗೆ ನಾನು ಮೊದಲು ಏನೂ ಬರೆದಿರಲಿಲ್ಲ. ಮಾತು ಕಡಿಮೆ, ಸ್ಮಿಯರೂ ಅಷ್ಟಕ್ಕಷ್ಟೆ. ಅವಳು ಒಂದು ದಿನ ನನ್ನ ಹಳೆಯ ರಿಜಿಸ್ಟರ್ ಕೇಳಿದಳು. ನಾವು ಬೆಳಿಗ್ಗೆ ಯಂತ್ರಕ್ಕೆ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಮಾದರಿ) ಹಾಕಿ ಬಂದ ಸಂಖ್ಯೆಯನ್ನು ಅದರಲ್ಲಿ ಬರೆದಿಡುತ್ತೇವೆ. ವ್ಯಾಪ್ತಿಯೊಳಗೆ ಬಂತೇ? ಬಂತು. ಮುಂದಿನ ಕೆಲಸ. ಇಪ್ಪತ್ತೆರಡು ವರ್ಷ ಹೀಗೆಯೇ ನಡೆದಿದೆ.

ಅವಳು ಆ ಸಂಖ್ಯೆಗಳನ್ನು ಫೋನಿನ ಎಕ್ಸೆಲ್ ಹಾಳೆಗೆ ಹಾಕಿ ಗೆರೆ ಎಳೆದು ತೋರಿಸಿದಳು. ನಡುವೆ ಸರಾಸರಿ, ಮೇಲೆ ಕೆಳಗೆ ಒಂದು, ಎರಡು, ಮೂರು ಎಸ್‌ಡಿ (ಸರಾಸರಿಯಿಂದ ಎಷ್ಟು ದೂರ ಎನ್ನುವ ಅಳತೆ) ಗೆರೆಗಳು. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಎಂಬಿಬ್ಬರು ಲ್ಯಾಬುಗಳಿಗೆ ತಂದ ಪಟವಂತೆ. 1981ರಲ್ಲಿ ವೆಸ್ಟ್‌ಗಾರ್ಡ್ ಅದನ್ನು ಓದುವ ನಿಯಮಗಳನ್ನು ಕೂಡಿಸಿ ಕೊಟ್ಟರಂತೆ. ನಮ್ಮ ಗ್ಲೂಕೋಸಿನ ಚುಕ್ಕೆಗಳು ಹತ್ತು ದಿನ ಸತತವಾಗಿ ಸರಾಸರಿಯ ಕೆಳಗೇ ಇದ್ದವು. ಒಂದೂ ಎರಡು ಎಸ್‌ಡಿ ದಾಟಿರಲಿಲ್ಲ, ಅದಕ್ಕೇ ನನಗೆ ಅನುಮಾನ ಬಂದಿರಲಿಲ್ಲ. ‘ಸರ್, ಹತ್ತೂ ಒಂದೇ ಕಡೆ ಬಿದ್ದರೆ ಅದು ಅದೃಷ್ಟವಲ್ಲ, ಏನೋ ಸರಿದಿದೆ ಎಂದು ನಿಯಮವಿದೆ’ ಎಂದಳು.

ಹುಡುಕಿದೆವು. ಮಳೆಗೆ ಮರ ಬಿದ್ದು ರಾತ್ರಿಯಿಡೀ ಕರೆಂಟ್ ಇಲ್ಲದ ದಿನಗಳು ಆ ವಾರ ನಾಲ್ಕು. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಫ್ರಿಜ್ಜಿನಲ್ಲಿ ಬೆಚ್ಚಗೆ ಮಲಗಿತ್ತು. ಹೊಸ ಬಾಟಲಿ ತೆರೆದು ಕ್ಯಾಲಿಬ್ರೇಟ್ ಮಾಡಿದ ಮೇಲೆ ಚುಕ್ಕೆಗಳು ಗೆರೆಯ ಎರಡೂ ಕಡೆಗೆ ಹರಡಿದವು. ಆ ಹತ್ತು ದಿನಗಳ ವರದಿ ತೆಗೆದು, ಗಡಿಯಲ್ಲಿದ್ದ ಏಳು ಮಂದಿಗೆ ಫೋನ್ ಮಾಡಿ, ಹಣ ಪಡೆಯದೆ ಮತ್ತೆ ಪರೀಕ್ಷೆ ಮಾಡಿದೆವು. ಫೋನ್ ಮಾಡುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ‘ತಪ್ಪು ನಮ್ಮದು’ ಎಂದು ಹೇಳುವುದು ಹೇಗೆ ಎನ್ನುವುದಕ್ಕೆ ವಿಡಿಯೋ ಇಲ್ಲವಲ್ಲ, ಅದನ್ನು ನೋಡಲಿ ಎಂದು ನಾನೇ ನಿಲ್ಲಿಸಿದ್ದೆ.

ಇದನ್ನು ಅವಳು ಎಲ್ಲಿ ಕಲಿತಳು ಎಂದು ಕೇಳಿದರೆ, ಲಾಕ್‌ಡೌನಿನ ಕಾಲದಲ್ಲಿ ಯಾರೋ ಮಾಡಿಟ್ಟ ಪಾಠ, ಫೋನಿನಲ್ಲಿ, ಹಟ್ಟಿಯ ಜಗಲಿಯ ಮೇಲೆ ಕುಳಿತು.

ಪಾಠ ಮಾಡುವವಳು, ಶಿವಮೊಗ್ಗ

ನಾನು ಏನೂ ಹೇಳುವುದಿಲ್ಲ.

ಹೊಳೆಯಾಚೆ, ತುಮರಿ

ನನ್ನ ಲ್ಯಾಬಿನ ರಿಜಿಸ್ಟರನ್ನೂ ಕಳಿಸಿದರೆ ಆ ಹುಡುಗಿ ನೋಡಿಕೊಟ್ಟಾಳೇ? ಇಲ್ಲೂ ಕರೆಂಟಿನ ಕಥೆ ಅದೇ.

ಎರಡನೇ ವರ್ಷ, ಶಿವಮೊಗ್ಗ

ಸರ್, ಮೊದಲನೆಯ ಹುಡುಗಿ ಏನಾದಳು? ಹನ್ನೊಂದು ಸ್ಲೈಡಿನವಳು.

ಲ್ಯಾಬಿನವನು, ತೀರ್ಥಹಳ್ಳಿ

ಬೆಳಿಗ್ಗೆ ಬಂದ ಕೂಡಲೇ ಇಪ್ಪತ್ತು ಎಳೆಯುತ್ತಾಳೆ. ಪರೀಕ್ಷೆ ಮುಗಿದು ಉಳಿದ ರಕ್ತದಲ್ಲಿ, ಕೈಗವಸು ಹಾಕಿಕೊಂಡು. ಮೊನ್ನೆ ಒಬ್ಬರಿಗೆ ಯಂತ್ರ ಪ್ಲೇಟ್‌ಲೆಟ್ 38 ಸಾವಿರ ಎಂದಿತು. ಮನೆಯವರು ಡೆಂಗ್ಯೂ ಎಂದು ಅಳಲು ಶುರುಮಾಡಿದ್ದರು. ಅವಳು ಎಳೆದ ಸ್ಮಿಯರಿನ ಬಾಲದ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಜೇನು ಹುಟ್ಟಿನ ಹಾಗೆ ಗುಂಪುಗಟ್ಟಿ ಕುಳಿತಿದ್ದವು. ಇಡಿಟಿಎಯಲ್ಲಿ ಕೆಲವರ ರಕ್ತ ಹೀಗೆ ಮಾಡುತ್ತದೆ, ಯಂತ್ರಕ್ಕೆ ಗುಂಪು ಎಣಿಸಲು ಬರುವುದಿಲ್ಲ. ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಅದರ ದ್ರವದಿಂದ ರಕ್ತ ತೆಳುವಾಗುವುದರಿಂದ ಬಂದದ್ದನ್ನು 1.1ರಿಂದ ಗುಣಿಸಿದೆವು. ಒಂದು ಲಕ್ಷ ತೊಂಬತ್ತು ಸಾವಿರ. ಬಾಲವಿಲ್ಲದ ಸ್ಮಿಯರ್ ಆಗಿದ್ದರೆ ಆ ಗುಂಪು ಕಾಣುತ್ತಲೇ ಇರಲಿಲ್ಲ.

ನಿವೃತ್ತ, ಭದ್ರಾವತಿ

ಅವಳು ಸ್ಕ್ರೂ ತಿರುಗಿಸುತ್ತಾಳೆಯೇ?

ಲ್ಯಾಬಿನವನು, ತೀರ್ಥಹಳ್ಳಿ

ಕೈ ಬಿಡುವುದೇ ಇಲ್ಲ.

ಅಡಿಕೆ ತೋಟ, ಹೊಸನಗರ

ಮಗಳಿಗೆ ಶಿವಮೊಗ್ಗದಲ್ಲಿ ಸೀಟು ಆಯಿತು, ಮಂಡಳಿಯ ಮಾನ್ಯತೆ ನೋಡಿಯೇ ಸೇರಿಸಿದೆವು. ಹಾಸ್ಟೆಲಿಗೆ ಹೊರಡುವ ಮೊದಲೇ ಸ್ಲೈಡ್ ಡಬ್ಬಿ ಬೇಕು ಎಂದು ಹಟ ಮಾಡುತ್ತಿದ್ದಾಳೆ. ಈ ಚರ್ಚೆಯನ್ನೆಲ್ಲ ಓದಿದ್ದಾಳೆ. ಯಾವುದನ್ನು ತರಲಿ?

ಪಾಠ ಮಾಡುವವಳು, ಶಿವಮೊಗ್ಗ

75ಕ್ಕೆ 25 ಮಿಲಿಮೀಟರಿನ ಸಾದಾ ಸ್ಲೈಡ್, ಅಂಚು ಉಜ್ಜಿ ನಯ ಮಾಡಿದ್ದು. ಅಂಚು ಒರಟಾಗಿದ್ದರೆ ಸ್ಮಿಯರಿನಲ್ಲಿ ಗೀರು ಬೀಳುತ್ತದೆ, ಬೆರಳೂ ಕುಯ್ಯುತ್ತದೆ. ಒಂದು ಡಬ್ಬಿ ಸಾಕು, ತೊಳೆದು ಬಳಸಲಿ.

ನಿವೃತ್ತ, ಭದ್ರಾವತಿ

ಈ ತೇವದಲ್ಲಿ ಡಬ್ಬಿ ತೆರೆದಿಟ್ಟರೆ ಗಾಜುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಲೆಯ ಹತ್ತಿರದ ಅಟ್ಟದ ಮೇಲೆ ಇಡಿ, ಉಪ್ಪಿನ ಜಾಡಿಯ ಪಕ್ಕ. ಬೀಟ್‌ರೂಟ್ ಮಾತ್ರ ಅಮ್ಮನನ್ನು ಕೇಳಿ ತೆಗೆದುಕೊಳ್ಳಲಿ.